ಕೆಂಪು ಹುಂಜದ ಬೆನ್ನು

ಅವರು ತೀರಿಕೊಂಡ ದಿನ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲೇ ಬಿತ್ತು. ‘ಸರಳ ಜೀವಿ’ ಎಂದು ಒಬ್ಬರು ಬರೆದರು, ‘ಅಜಾತಶತ್ರು’ ಎಂದು ಇನ್ನೊಬ್ಬರು. ಎರಡೂ ಸುಳ್ಳು. ಅವರು ಸರಳರಾಗಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ಅವರೊಂದಿಗೆ ಜಗಳವಾಡದ ಗಿರಾಕಿ ಯಾರಾದರೂ ಇದ್ದರೆ ಆತ ಅವರಲ್ಲಿ ಬಟ್ಟೆ ಹೊಲಿಸಿದವನೇ ಅಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವುದು ಬದುಕಿರುವವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಿಯಮ. ಹೊಗಳಿಬಿಟ್ಟರೆ, ಆ ಮನುಷ್ಯನಿಗೆ ನಾವೇನು ಮಾಡಿದೆವು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ನಾನು. ಹಾಗಾಗಿ ಕೈಮುಗಿದ ಚಿತ್ರ ಹಾಕಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೇಟೆಗೆಲ್ಲ ಅವರು ‘ಮಾಸ್ಟರ್’. ಕತ್ತರಿ ಹಿಡಿದ ಟೈಲರನ್ನು ಕರೆಯುವುದೇ ಹಾಗೆ. ಬಸ್‌ಸ್ಟ್ಯಾಂಡಿನ ಎದುರು, ಔಷಧಿ ಅಂಗಡಿಯ ಮೇಲೆ, ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆ. ಹೋಂಗಾರ್ಡುಗಳ ಸಮವಸ್ತ್ರ, ಶಾಲಾ ಬ್ಯಾಂಡಿನ ಕೋಟು, ಸ್ಕೌಟ್ ಮಕ್ಕಳ ತೋಳುಪಟ್ಟಿ ಇಂಥವೇ ಅವರ ಕೆಲಸ. ಮದುವೆಯ ರವಿಕೆ ತಂದವರನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಿದ್ದರು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ದಾಖಲೆ ಇಲ್ಲ. ‘ನಾಳೆ ಬಾ’ ಎನ್ನುವಾಗ ಅವರ ಮುಖದಲ್ಲಿ ಎಷ್ಟು ಪ್ರಾಮಾಣಿಕತೆ ಇರುತ್ತಿತ್ತೆಂದರೆ, ಮೋಸ ಹೋಗಲು ನಾವು ಪುನಃ ಹೋಗುತ್ತಿದ್ದೆವು.

ನಾನು ಮೊದಲ ಸಲ ಹೋದದ್ದು ಚರ್ಚಾಕೂಟದ ಕೋಟು ಹಿಡಿದುಕೊಂಡು. ಅದರ ಜೇಬಿನ ಮೇಲಿನ ಕಾಲೇಜು ಲಾಂಛನ ಎರಡೇ ಸ್ಪರ್ಧೆಗಳಲ್ಲಿ ಕಿತ್ತುಬಂದಿತ್ತು.

“ಯಾರು ಮಾಡಿದ್ದು ಇದು?”

“ಮೂಡುಬಿದಿರೆಯಲ್ಲಿ ಮಾಸ್ಟ್ರೇ. ಕಂಪ್ಯೂಟರ್ ಎಂಬ್ರಾಯಿಡರಿ.”

“ಹಾಗಾದರೆ ಕಂಪ್ಯೂಟರಿಗೇ ಹೇಳು, ಹೊಲಿದು ಕೊಡ್ಲಿಕ್ಕೆ.”

ಹೇಳಿದ್ದು ಹಾಗೆ. ಕೈ ಮಾತ್ರ ಆಗಲೇ ಲಾಂಛನವನ್ನು ಎತ್ತಿಕೊಂಡು ತಿರುಗಿಸಿತ್ತು. ಹೊಳೆಯುವ ದೀಪ, ಸಂಸ್ಕೃತದ ಧ್ಯೇಯವಾಕ್ಯ ಎಲ್ಲ ಇದ್ದ ಎದುರುಭಾಗವನ್ನು ಅವರು ನೋಡಲೇ ಇಲ್ಲ. ಹಿಂದಿನ ಗಂಟುಗಳನ್ನು ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ಓದಿದರು. ಅವರಿಗೆ ಬಟ್ಟೆಯೆಂದರೆ ಬೆನ್ನು. “ಎದುರು ಇರುವುದು ಮೆರವಣಿಗೆಗೆ. ಹಿಂದೆ ಇರುವುದು ಪೊಲೀಸಿಗೆ” ಎನ್ನುತ್ತಿದ್ದರು. ಮದುವೆಯ ಆಮಂತ್ರಣ ಪತ್ರಿಕೆಯನ್ನೂ ಮೊದಲು ಹಿಂದಿನಿಂದ ನೋಡಿ, ಯಾವ ಪ್ರೆಸ್ಸಿನದ್ದು ಎಂದು ತಿಳಿದ ಮೇಲೆಯೇ ಮದುಮಗಳು ಯಾರೆಂದು ಕೇಳುತ್ತಿದ್ದರು.

ಯೌವನದಲ್ಲಿ ಹತ್ತು ವರ್ಷ ಅವರು ಬೆಳಗಾವಿಯಲ್ಲಿ, ಮಿಲಿಟರಿ ಕ್ಯಾಂಪಿನ ಹತ್ತಿರದ ಒಂದು ಟೈಲರ್ ಅಂಗಡಿಯಲ್ಲಿದ್ದರು. ಹಳೆಯ ತೋಳುಬ್ಯಾಡ್ಜುಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಒಂದೊಂದು ಪಡೆಗೂ ಒಂದೊಂದು ಗುರುತು. ಪ್ರಾಣಿ, ಬಾಣ, ಕತ್ತಿ, ಚಕ್ರ ಹೀಗೆ ಬಟ್ಟೆಯ ಮೇಲೆ ಕಸೂತಿ ಮಾಡಿ ಸೈನಿಕರು ತೋಳಿಗೆ ಧರಿಸುತ್ತಿದ್ದ ಗುರುತುಗಳು. ಅವನ್ನು ಬಿಚ್ಚಿ ಹೊಲಿದು ಹೊಲಿದು, ಯಾವುದು ಯುದ್ಧಕಾಲದ್ದು ಯಾವುದು ಆಮೇಲಿನದ್ದು ಎಂದು ಬೆನ್ನು ಮುಟ್ಟಿ ಹೇಳುವಷ್ಟು ಅವರ ಬೆರಳು ಪಳಗಿತ್ತು. ಹಾಗಾಗಿ ಟ್ರಂಕಿನ ತಳದಲ್ಲಿ ಅಜ್ಜನ ತುಂಡು ಬಟ್ಟೆ ಸಿಕ್ಕಿದವರು, ಹಳೆ ಸಾಮಾನು ಮಾರುವವರು, ಎಲ್ಲಿಂದಲೋ ಹುಡುಕಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದರು.

ಒಮ್ಮೆ ನಾನಿದ್ದಾಗಲೇ ಒಬ್ಬ ವ್ಯಾಪಾರಿ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತೋ ಮೂವತ್ತೋ ಬ್ಯಾಡ್ಜುಗಳು, ಎಲ್ಲವೂ ಕಂದು ಬಣ್ಣಕ್ಕೆ ತಿರುಗಿದವು.

“ಬರ್ಮಾ ಯುದ್ಧದ್ದು ಮಾಸ್ಟ್ರೇ. ಗ್ಯಾರಂಟಿ ಮಾಲು.”

ಮಾಸ್ಟರ್ ಒಂದನ್ನು ಮೂಸಿದರು. “ಚಹಾ ಒಳ್ಳೆಯದುಂಟು. ಸಕ್ಕರೆ ಹಾಕಿಲ್ಲ, ಅಲ್ಲವಾ?”

“ಎಂಥದು?”

“ಚಹಾದಲ್ಲಿ ಅದ್ದಿ ಒಣಗಿಸಿದ್ದೀರಿ. ಒಂದು ಒಗ್ಗರಣೆ ಕೊಟ್ಟಿದ್ದರೆ ಮೊದಲನೇ ಮಹಾಯುದ್ಧದ್ದೇ ಆಗ್ತಿತ್ತು.”

ವ್ಯಾಪಾರಿ ನಗುತ್ತಲೇ ಮೆಟ್ಟಿಲಿಳಿದ. ಆಮೇಲೆ ಅವರು ನನಗೆ ಹೇಳಿಕೊಟ್ಟರು. ನಿಜವಾಗಿ ಬಳಸಿದ ಬಟ್ಟೆ ಎಲ್ಲ ಕಡೆ ಒಂದೇ ತೆರನಾಗಿ ಮಾಸುವುದಿಲ್ಲ. ಬಿಸಿಲು ತಿಂದ ಎದುರುಭಾಗ ಬಿಳಿಚಿರುತ್ತದೆ, ತೋಳಿಗೆ ಅಂಟಿಕೊಂಡಿದ್ದ ಬೆನ್ನು ಬಣ್ಣ ಉಳಿಸಿಕೊಂಡಿರುತ್ತದೆ. ಈಗಿನವುಗಳ ಹಾಗೆ ದಪ್ಪ ಅಂಚನ್ನು ಯಂತ್ರದಲ್ಲಿ ಸುತ್ತಿದ್ದರೆ ಅದು ಆಮೇಲಿನದ್ದು. ಆ ಸೆಕೆಯ ದೇಶದಲ್ಲಿ ಅಂಗಿಯನ್ನು ದಿನಾ ಒಗೆಯಬೇಕು, ಬ್ಯಾಡ್ಜು ಒಗೆತಕ್ಕೆ ಬಾಳುವುದಿಲ್ಲ. ಅದಕ್ಕೆ ಎಷ್ಟೋ ಮಂದಿ ಹಿಂದುಗಡೆ ಪ್ರೆಸ್ ಬಟನ್ ಹಾಕಿಸಿಕೊಳ್ಳುತ್ತಿದ್ದರು, ತೆಗೆದಿಟ್ಟು ಅಂಗಿ ಒಗೆಯಲಿಕ್ಕೆ. ಬಟನ್ ಹೋದರೂ ಅದರ ತುಕ್ಕಿನ ಬಳೆ ಬಟ್ಟೆಯಲ್ಲಿ ಉಳಿಯುತ್ತದೆ. “ನೂಲು ಸುಳ್ಳು ಹೇಳಬಹುದು. ತೂತು ಸುಳ್ಳು ಹೇಳುವುದಿಲ್ಲ.”

ಮಾಲು ಎಷ್ಟೇ ಹಳತಾಗಿ ಕಂಡರೂ ‘ಅಸಲಿ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. “ಸುಳ್ಳು ಇನ್ನೂ ಸಿಕ್ಕಿಲ್ಲ” ಎನ್ನುವುದೇ ಅವರ ದೊಡ್ಡ ಸರ್ಟಿಫಿಕೇಟು. ದೇವರು, ಜಾತಕ, ಪ್ರಾಂಶುಪಾಲರ ಭಾಷಣ ಯಾವುದನ್ನೂ ಪ್ರಶ್ನಿಸದೆ ಬಿಡದ ನನಗೆ ಇದು ಬಹಳ ಹಿಡಿಸಿತು. ಎರಡು ವರ್ಷ, ವಾರಕ್ಕೊಮ್ಮೆಯಾದರೂ ಹೋಗಿ ವಾದಿಸಿದ್ದೇನೆ. ಅವರು ನನ್ನನ್ನು ‘ಕೋರ್ಟು’ ಎಂದು ಕರೆಯುತ್ತಿದ್ದರು. “ಬಂತಾ ಕೋರ್ಟು? ಕೂತುಕೊ. ಕತ್ತರಿ ಮುಟ್ಟಬೇಡ.”

ನೋಟು ಪರೀಕ್ಷಿಸುವ ನೀಲಿ ಟಾರ್ಚನ್ನು ಅವರಿಗೆ ಪರಿಚಯಿಸಿದ್ದು ನಾನೇ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಬಂದ ಅಂಗಡಿಯ ನೂಲಿಗೆ, ಅದರಲ್ಲೂ ಬಿಳಿಗೆ, ಹೊಳಪು ಕೊಡುವ ರಾಸಾಯನಿಕ ಹಾಕುತ್ತಾರೆ. ಕತ್ತಲಲ್ಲಿ ಆ ಬೆಳಕು ಬಿಟ್ಟರೆ ಅದು ನೀಲಿಯಾಗಿ ಉರಿಯುತ್ತದೆ, ಹಳೆಯ ಹತ್ತಿ ನೂಲು ಸುಮ್ಮನಿರುತ್ತದೆ. ಇಂಟರ್ನೆಟ್ಟಿನಲ್ಲಿ ಓದಿ ಕಲಿತದ್ದು. ಅವರು ಕಿಟಕಿ ಮುಚ್ಚಿಸಿ, ಕೋಣೆಯಲ್ಲಿದ್ದ ನೂಲಿನ ಉಂಡೆಗಳಿಗೆಲ್ಲ ಮಗುವಿನ ಹಾಗೆ ಬೆಳಕು ಬಿಟ್ಟು ನೋಡಿದರು.

“ಒಳ್ಳೆಯ ಸಾಮಾನು. ಆದರೆ ಒಬ್ಬನೇ ಸಾಕ್ಷಿಯ ಮಾತಿಗೆ ತೀರ್ಪು ಕೊಡುವುದು ಯಾವ ಕೋರ್ಟು ಮಾರಾಯ್ತಿ?”

ನಾನು ನಕ್ಕೆ. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದೂ ಇಟ್ಟುಕೊಂಡೆ. ಬರೆದಿಟ್ಟುಕೊಂಡದ್ದು ನೆನಪಿರಬೇಕೆಂದೇನೂ ಇಲ್ಲವಲ್ಲ.

ನಾನು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನಲ್ಲಿ ಒಂದು ಸ್ಮರಣ ಕೊಠಡಿ ಮಾಡಿದರು, ಯುದ್ಧಕ್ಕೆ ಹೋದ ಊರವರ ನೆನಪಿಗೆ. ಅದರ ಖರ್ಚು ವಹಿಸಿದವರು ನಾರಾವಿ ಕಡೆಯ ಹಿರಿಯರೊಬ್ಬರು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಕೆಟ್ಟವರು ಎಂದು ಬರೆದರೆ ನನಗೆ ಸುಲಭ. ಆದರೆ ಅವರು ಕೆಟ್ಟವರಲ್ಲ. ಅವರ ತಂದೆ ಬರ್ಮಾ ಯುದ್ಧಕ್ಕೆ ಹೋದವರೆಂದು ಮನೆಯಲ್ಲಿ ಮಾತಿತ್ತು, ತಂದೆಯ ಟ್ರಂಕಿನಲ್ಲಿ ಒಂದು ಬ್ಯಾಡ್ಜು ಸಿಕ್ಕಿತ್ತು. ಚೌಕ ಬಟ್ಟೆಯ ನಡುವೆ ಹಳದಿ ವೃತ್ತ, ಅದರೊಳಗೆ ಕಾಲೆತ್ತಿ ನಿಂತ ಕೆಂಪು ಹುಂಜ, ಕೋಳಿ ಅಂಕದ ಹುಂಜದ ಹಾಗೆ. ಕೊಠಡಿಯ ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಕೆಳಗೆ ಅವರ ತಂದೆಯ ಹೆಸರು ಬರೆಯುವುದೆಂದು ತೀರ್ಮಾನವಾಗಿತ್ತು. ವಸ್ತುಗಳನ್ನು ಪರಿಶೀಲಿಸಿ ವಿವರದ ಕಾರ್ಡು ಬರೆಯುವ ಕೆಲಸವನ್ನು ಪ್ರಾಂಶುಪಾಲರು ನನಗೆ ವಹಿಸಿದ್ದರು. ಒಂದು ಮಾತು ಕೇಳುವ ಎಂದು ಮಾಸ್ಟರನ್ನು ಕರೆಸಿದವಳು ನಾನೇ.

ಅವರು ಬಂದರು. ಬ್ಯಾಡ್ಜನ್ನು ತಿರುಗಿಸಿದರು. ಮೇಲಿನ ಎರಡು ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿದರು. ಅವರ ಮುಖ ಅರಳಿತು.

“ಇದು ನಂದು.”

“ಎಂಥದು?” ಎಂದರು ಹಿರಿಯರು.

“ನಾನು ಹೊಲಿದದ್ದು. ನಿಮ್ಮ ಮಗನಿಗೆ, ಶಾಲೆಯ ನಾಟಕಕ್ಕೆ. ಸೈನಿಕನ ವೇಷ ಇತ್ತು. ನಿಮ್ಮ ಹೆಂಡತಿ ಬಂದು ಕೊಂಡುಹೋದದ್ದು. ಮಾದರಿ ನಮ್ಮ ಮನೆಯಲ್ಲಿ ಉಂಟು, ನನ್ನ ಅಪ್ಪನ ಬ್ಯಾಡ್ಜು. ಅದನ್ನು ನೋಡಿ ಮಾಡಿದ್ದು.”

ಹಿರಿಯರ ಹೆಂಡತಿ ತೀರಿಹೋಗಿದ್ದರು. ಮಗ ಮಸ್ಕತ್ತಿನಲ್ಲಿ. ಹಿರಿಯರು ಕೊಠಡಿಯಿಂದಲೇ ಅವನಿಗೆ ಫೋನು ಹಚ್ಚಿದರು. ನಾಟಕ ಮಾಡಿದ್ದು ಹೌದು, ಅಜ್ಜನದ್ದನ್ನೇ ಚುಚ್ಚಿದ್ದು ಎಂದು ಅಮ್ಮ ಹೇಳಿದ ನೆನಪು ಎಂದ ಮಗ. ಯಾರೂ ಸುಳ್ಳು ಹೇಳಲಿಲ್ಲ. ನಾಟಕ ಮುಗಿದ ಮೇಲೆ ಆ ತಾಯಿ ಅದನ್ನು ಮಾವನ ಟ್ರಂಕಿಗೆ ಹಾಕಿರಬೇಕು. ಟ್ರಂಕು ಉಳಿದದ್ದನ್ನು ಮಾಡಿತು.

ಮರುದಿನ ಮಾಸ್ಟರ್ ಪುನಃ ಬಂದರು, ಒಗೆದ ಬಿಳಿ ಅಂಗಿಯಲ್ಲಿ. ಕೈಯಲ್ಲಿ ಒಂದು ತಗಡಿನ ಡಬ್ಬಿ. ಅದರಲ್ಲೂ ಹಳದಿ ವೃತ್ತ, ಕೆಂಪು ಹುಂಜ. ಆದರೆ ಮುದಿ ಹುಂಜ, ನುಸಿ ತಿಂದದ್ದು. ಬೆನ್ನಿನ ತುಂಬ ಬಿಳಿ ನೂಲಿನ ತೇಪೆ.

“ಅಪ್ಪ ಬರ್ಮಾ ಯುದ್ಧದಲ್ಲಿ ಲಾರಿ ಬಿಡ್ತಾ ಇದ್ದದ್ದು. ಬಂದು ಹೆಚ್ಚು ವರ್ಷ ಇರಲಿಲ್ಲ. ನಾನು ಸಣ್ಣವ. ಅಪ್ಪನದ್ದೊಂದು ಫೋಟೋ ಇಲ್ಲ, ಹೆಸರು ಬರೆದ ಕಾಗದ ಇಲ್ಲ. ಇದು ಒಂದು ಉಂಟು. ಇದನ್ನು ಇಡಿ. ಕೆಳಗೆ ಅಪ್ಪನ ಹೆಸರು ಬರೆಯಿರಿ. ಬೇರೆ ಎಂತದೂ ಬೇಡ.”

ಅವರು ಯಾರಲ್ಲಾದರೂ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಪ್ರಾಂಶುಪಾಲರು ನನ್ನ ಕಡೆ ನೋಡಿದರು. “ನೀನು ಏನಮ್ಮ ಹೇಳ್ತಿ? ಪರೀಕ್ಷೆ ಮಾಡುವ ವಿಧಾನ ಉಂಟಲ್ಲ ನಿನ್ನ ಹತ್ತಿರ.”

ಕಿಟಕಿಗಳನ್ನು ಮುಚ್ಚಿಸಿದೆ. ಹಿರಿಯರ ಬ್ಯಾಡ್ಜಿನ ಮೇಲೆ ನೀಲಿ ಬೆಳಕು ಬಿಟ್ಟೆ. ಅದು ಕಪ್ಪಗೆ, ಸುಮ್ಮನೆ ಇತ್ತು. ಬೆನ್ನಿನಿಂದ ಒಂದೆಳೆ ನೂಲು ಎಳೆದು ಕಡ್ಡಿ ಗೀರಿ ಸುಟ್ಟೆ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಮಣಿಯಾಗುತ್ತಿತ್ತು. ಶುದ್ಧ ಹತ್ತಿ. ಆಮೇಲೆ ಮಾಸ್ಟರ ಬ್ಯಾಡ್ಜಿನ ಬೆನ್ನಿಗೆ ಬೆಳಕು ಬಿಟ್ಟೆ. ಬಿಳಿ ತೇಪೆಯೆಲ್ಲ ಒಮ್ಮೆಲೇ ನೀಲಿಯಾಗಿ ಉರಿಯಿತು. ಸುತ್ತ ನಿಂತವರು ‘ಓ’ ಎಂದರು.

“ಅದು ನಾನು ಹಾಕಿದ ನೂಲು. ಕೆಲಸ ಕಲಿಯುವಾಗ, ನುಸಿ ತಿಂದದ್ದಕ್ಕೆ. ಬಿದ್ದುಹೋಗ್ತಿತ್ತು, ಹಿಡಿಸಿದ್ದು. ಅದರ ಅಡಿಯಲ್ಲಿ ನೋಡು ನೀನು, ತುಕ್ಕಿನ—”

“ಇರಲಿ ಮಾಸ್ಟ್ರೇ. ಮೊದಲು ಇದಕ್ಕೆ ಹೇಳಿ. ಆ ಬ್ಯಾಡ್ಜನ್ನು ನೀವೇ ಹೊಲಿದದ್ದಾದರೆ ಯಾವ ನೂಲಿನಲ್ಲಿ? ಆಗ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹೊಳೆಯುವ ನೂಲು. ಇದು ಹೊಳೆಯುವುದಿಲ್ಲ.”

ಅವರು ಹಿರಿಯರನ್ನು ನೋಡಿದರು, ಪ್ರಾಂಶುಪಾಲರನ್ನು ನೋಡಿದರು. “ನೂಲು... ಮನೆಯದ್ದು” ಎಂದರು.

“ಮನೆಯದ್ದು ಅಂದರೆ? ಯಾವ ಕಂಪನಿ?”

ಎದುರಾಳಿ ತಡವರಿಸಿದ ಕ್ಷಣವನ್ನು ಬಿಡಬಾರದೆಂದು ಚರ್ಚಾಕೂಟದಲ್ಲಿ ನನಗೆ ಮೂರು ವರ್ಷ ತರಬೇತಿ ಕೊಟ್ಟಿದ್ದರು. ಬಿಡಲಿಲ್ಲ.

“ಹಾಗಾದರೆ ಎರಡರಲ್ಲಿ ಒಂದು. ಆ ಬ್ಯಾಡ್ಜನ್ನು ನೀವು ಹೊಲಿದಿಲ್ಲ ಎಂದಾದರೆ ಅದು ಹಳೆಯದ್ದೇ. ಹೊಲಿದಿದ್ದೀರಿ ಎಂದಾದರೆ, ನಾವೆಲ್ಲ ನಂಬುವಂಥ ನಕಲು ಮಾಡಲು ನಿಮಗೆ ಬರುತ್ತದೆ. ಆಗ ಈ ಡಬ್ಬಿಯಲ್ಲಿರುವುದನ್ನು ನಾವು ಯಾಕೆ ನಂಬಬೇಕು? ಯಾವುದು ಮಾಸ್ಟ್ರೇ?”

“ಭೇಷ್” ಎಂದರು ಪ್ರಾಂಶುಪಾಲರು. ಹಿರಿಯರು ನಿರಾಳವಾಗಿ ಉಸಿರು ಬಿಟ್ಟರು. ಮಾಸ್ಟರ್ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದರು. ಅದು ಸುಲಭಕ್ಕೆ ಕೂರಲಿಲ್ಲ. ಎರಡು ಸಲ ಒತ್ತಬೇಕಾಯಿತು.

“ಸರಿ ಉಂಟು ಮಾರಾಯ್ತಿ” ಎಂದರು. “ಮಾತಿಗೆ ಸರಿ ಉಂಟು.”

ನನ್ನ ಕಾರ್ಡಿನಲ್ಲಿ ‘ಅಸಲಿ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಎರಡು ಪುಟದ ವರದಿ ಬರೆದು ಸಹಿ ಮಾಡಿದೆ. ಹಿರಿಯರ ಬ್ಯಾಡ್ಜಿನ ಮೇಲಿನ ಮೂಲೆಗಳಲ್ಲಿ ಸೇಫ್ಟಿ ಪಿನ್ನಿನ ಎರಡು ತೂತುಗಳಿದ್ದವು. ನಾಟಕಕ್ಕೆ ಹೊರಟ ಹುಡುಗನ ಅಂಗಿಗೆ ತಾಯಿ ಚುಚ್ಚಿದ ತೂತುಗಳು. ತೋಳಿಗೆ ಹೊಲಿದ ಗುರುತಿಲ್ಲ, ತುಕ್ಕಿನ ಬಳೆಯಿಲ್ಲ. ನಾನು ಅದನ್ನು ನೋಡಿದ್ದೆ. ವರದಿಯಲ್ಲಿ ‘ಸಣ್ಣಪುಟ್ಟ ಹಾನಿ’ ಎಂದು ಬರೆದೂ ಇದ್ದೆ. ಸಂದೇಹವಾದಿ ಎಂದು ಎದೆ ತಟ್ಟಿಕೊಳ್ಳುವವಳಿಗೆ ತನ್ನ ಟಾರ್ಚಿನ ಮೇಲೆ ಮಾತ್ರ ಸಂದೇಹ ಬರಲಿಲ್ಲ.

ಆಮೇಲೆ ಅಂಗಡಿಗೆ ಹೋಗಲಿಲ್ಲ. ಪರೀಕ್ಷೆ ಎಂದು ನನಗೆ ನಾನೇ ಹೇಳಿಕೊಂಡೆ. ತಿಂಗಳೊಳಗೆ ಔಷಧಿ ಅಂಗಡಿಯವರು ರಸ್ತೆಯಲ್ಲಿ ನಿಲ್ಲಿಸಿ, “ಮಾಸ್ಟರ್ ನಿಮ್ಮನ್ನು ಒಮ್ಮೆ ಬರ್ಲಿಕ್ಕೆ ಹೇಳಿದ್ದಾರೆ. ಎಂತದೋ ತೋರಿಸ್ಲಿಕ್ಕುಂಟಂತೆ” ಎಂದರು. ಪುನಃ ವಾದಕ್ಕೆ ಕರೆಯುತ್ತಿದ್ದಾರೆ, ಸೋತದ್ದನ್ನು ಒಪ್ಪುವ ಬುದ್ಧಿಯಿಲ್ಲ ಎಂದುಕೊಂಡೆ. ಹೋಗಲಿಲ್ಲ. ಮಂಗಳೂರಿಗೆ ಕಾನೂನು ಓದಲು ಹೋದೆ. ಐದು ತಿಂಗಳಲ್ಲಿ ಅವರು ತೀರಿಕೊಂಡರು, ಮಧ್ಯಾಹ್ನ, ಮಿಷಿನಿನ ಮೇಲೆ ತಲೆಯಿಟ್ಟುಕೊಂಡು.

ಉತ್ತರಕ್ರಿಯೆ ಮುಗಿದ ವಾರ ಅವರ ಮನೆಗೆ ಹೋದೆ. ಎರಡು ವರ್ಷ ಅಂಗಡಿಗೆ ಹೋದವಳು ಮನೆ ನೋಡಿದ್ದು ಅದೇ ಮೊದಲು. ಅವರ ಹೆಂಡತಿ ಜಗಲಿಯಲ್ಲಿ ಮಡಿಲ ಮೇಲೆ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಸುತ್ತಿ, ತುದಿ ಮಡಚಿ, ಕೆಂಪು ನೂಲನ್ನು ಎರಡು ಸುತ್ತು ತಂದು ಹರಿಯುವುದು. ನಾನು ಮಾತಾಡಲು ಬಂದದ್ದನ್ನು ಮರೆತು ಆ ನೂಲನ್ನೇ ನೋಡಿದೆ. ತೆಳ್ಳಗೆ, ಹೊಳಪಿಲ್ಲದ, ಹುಟ್ಟುವಾಗಲೇ ಮಾಸಿದಂಥ ಕೆಂಪು. ಹುಂಜದ ಕೆಂಪು.

“ಅಮ್ಮ, ಮಾಸ್ಟರ್ ಈ ನೂಲಿನಲ್ಲಿ ಹೊಲಿಯುತ್ತಿದ್ದರಾ?”

ಅವರು ಸುತ್ತ ನೋಡಿ ಸ್ವರ ತಗ್ಗಿಸಿದರು. “ಮೊದಮೊದಲು. ನಾಲ್ಕು ಎಳೆ ಸೇರಿಸಿ. ಯಾರ ಹತ್ರವೂ ಹೇಳಬಾರದು ಅಂತಿದ್ದರು. ನೂಲು ಬೀಡಿ ಕಂಪನಿಯ ಬ್ರಾಂಚಿನವರದ್ದಲ್ಲವಾ, ಬೀಡಿಗೆ ಅಂತ ಕೊಡುವುದು. ಗೊತ್ತಾದರೆ ನನ್ನ ಕೆಲಸ ಹೋಗ್ತಿತ್ತು.”

ಮನೆಯದ್ದು ಎಂದಿದ್ದರು. ಹೆಂಡತಿಯ ಹೊಟ್ಟೆಪಾಡನ್ನು ಆ ಸಭೆಯ ಮುಂದೆ ಬಿಚ್ಚಿಡುವುದಕ್ಕಿಂತ ನನ್ನಿಂದ ಸೋಲುವುದು ಅವರಿಗೆ ಹಗುರವಾಗಿ ಕಂಡಿತ್ತು. ನಾನು ಒಂದು ಉಂಡೆ ನೂಲು ಕೇಳಿ ತೆಗೆದುಕೊಂಡು, ಹೊರಗೆ ಬಂದು ಒಂದೆಳೆ ಸುಟ್ಟೆ. ಕಾಗದದ ವಾಸನೆ, ಮೆತ್ತನೆಯ ಬೂದಿ. ಟಾರ್ಚು ಹಿಡಿದೆ. ಹೊಳೆಯಲಿಲ್ಲ.

ಪ್ರಾಂಶುಪಾಲರ ಮೇಜಿನ ಮೇಲೆ ಆ ಉಂಡೆಯನ್ನಿಟ್ಟು ಎಲ್ಲವನ್ನೂ ಹೇಳಿದೆ, ಅಮ್ಮನ ಕೆಲಸದ ಮಾತೊಂದನ್ನು ಬಿಟ್ಟು. ಅವರು ತಾಳ್ಮೆಯಿಂದ ಕೇಳಿ, ಬೀರುವಿನಿಂದ ಒಂದು ಫೈಲು ತೆಗೆದರು. ನನ್ನದೇ ವರದಿ.

“ಇದರಲ್ಲಿ ನಿನ್ನ ಸಹಿ ಉಂಟು. ‘ಸಂಶಯಕ್ಕೆ ಎಡೆಯಿಲ್ಲ’ ಎಂದು ಬರೆದವಳು ನೀನು.”

“ನಾನು ತಪ್ಪಿದ್ದೆ ಸರ್.”

“ಆಗ ತಪ್ಪಿದವಳು ಈಗ ಸರಿ ಎಂದು ನಾನು ಹೇಗೆ ನಂಬುವುದು?”

ಅದು ನನ್ನದೇ ಅಸ್ತ್ರ. ಅದೇ ಇಕ್ಕಳ, ಅದೇ ಎರಡು ಬಾಯಿ. ಅವರು ಕೊನೆಗೆ ದೊಡ್ಡ ಮನಸ್ಸು ಮಾಡಿ ಹೇಳಿದರು. “ಮಾಸ್ಟರದ್ದೇ ನಿಜವಾದ ಬ್ಯಾಡ್ಜು ಎನ್ನುವುದಾದರೆ ಅದನ್ನು ತಾ. ಬೇರೆಯವರಿಂದ ಪರೀಕ್ಷೆ ಮಾಡಿಸುವ. ನೂಲಿನ ಉಂಡೆ ಹಿಡಿದು ಹಿರಿಯರ ಹತ್ತಿರ ಹೋಗ್ಲಿಕ್ಕಾಗುವುದಿಲ್ಲ.”

ಅದು ನ್ಯಾಯ. ನನಗೆ ಆಸೆಯೂ ಹುಟ್ಟಿತು. ಬಿಳಿ ತೇಪೆಯ ಅಡಿಯಲ್ಲಿ ಪ್ರೆಸ್ ಬಟನ್ನಿನ ತುಕ್ಕು ಇರಲೇಬೇಕು. ಅವರು ಅದನ್ನೇ ತೋರಿಸಲು ಹೊರಟಿದ್ದರು, ನಾನು ‘ಇರಲಿ’ ಎಂದಿದ್ದೆ. ಆ ತುಕ್ಕಿನ ಮುಂದೆ ಯಾವ ಟಾರ್ಚು ನಿಲ್ಲುತ್ತದೆ? ಮರುದಿನವೇ ಬಂಟ್ವಾಳಕ್ಕೆ ಹೋದೆ.

“ಅಮ್ಮ, ಮಾಸ್ಟರ ಅಪ್ಪನ ಬ್ಯಾಡ್ಜು ಇತ್ತಲ್ಲ, ಡಬ್ಬಿಯಲ್ಲಿ. ಅದೊಂದು ಬೇಕಿತ್ತು.”

ಅವರು ತಡ್ಪೆಯನ್ನು ಬದಿಗಿಟ್ಟು, ಸೆರಗಿನಲ್ಲಿ ಹೊಗೆಸೊಪ್ಪಿನ ಪುಡಿ ಒರೆಸಿಕೊಂಡು ಒಳಗೆ ಹೋದರು.

“ನೀವೇ ಅಲ್ಲವಾ ಕೋರ್ಟು?” ಎಂದರು ಡಬ್ಬಿ ತಂದು. “ನಿಮಗೆ ತೋರಿಸ್ಲಿಕ್ಕೇ ಇಟ್ಟದ್ದು. ಆ ದಿನ ಕಾಲೇಜಿನಿಂದ ಬಂದು ಇವರು ಊಟವೂ ಮಾಡಲಿಲ್ಲ. ‘ಹುಡುಗಿ ಹೇಳಿದ್ದು ಸರಿ, ಹೊಳೆಯುವುದು ನನ್ನ ನೂಲು, ಅಪ್ಪನದ್ದು ಹೊಳೆಯುವುದಿಲ್ಲ, ನನ್ನದನ್ನು ತೆಗೆದುಬಿಟ್ಟರೆ ಅವಳೂ ಒಪ್ತಾಳೆ’ ಅಂತ ಸೂಜಿ ಹಿಡಿದು ಕೂತರು. ಮೂರು ದಿನ ಬಿಚ್ಚಿದರು.”

ಮುಚ್ಚಳ ಈಗ ಸಲೀಸಾಗಿ ಬಂತು. ಒಳಗೆ ಹುಂಜ ಇರಲಿಲ್ಲ. ಇದ್ದದ್ದು ಹಳದಿ ಉಣ್ಣೆಯ ಚೂರುಗಳು, ಕೆಂಪು ಜುಂಗು, ಬೆರಳು ತಾಗಿದರೆ ಪುಡಿಯಾಗುವ ಜಾಲರಿ. ಹುಂಜವನ್ನು ಅಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಮಗನ ಬಿಳಿ ನೂಲೇ. ತುಕ್ಕಿನ ಬಳೆ ಎಲ್ಲಿತ್ತೋ ಆ ಬಟ್ಟೆಯೂ ಉಳಿದಿರಲಿಲ್ಲ. ಮೂಲೆಯಲ್ಲಿ ತೆಗೆದ ಬಿಳಿ ನೂಲನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು, ಒಂದು ಬೀಡಿಯಷ್ಟು ದಪ್ಪ.

ಅಮ್ಮ ಬಾಗಿಲು ಓರೆ ಮಾಡಿ ಜಗಲಿಯ ಬೆಳಕನ್ನು ತಡೆದರು. ಗಂಡ ಹೇಳಿ ಹೋಗಿದ್ದ ಕೆಲಸದ ಹಾಗೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

“ನಿಮ್ಮ ಆ ದೀಪ ಹಾಕಿ ನೋಡಿ” ಎಂದರು. “ಈಗ ಸರಿ ಉಂಟಾ?”